ಉಸಿರು ಮರೆಯುವ ಕೂಸು

ನಿರುಪಾದಿ ಹೊಳೆದಂಡೆಯ ಆಶ್ರಮಕ್ಕೆ ಬಂದದ್ದು ಧ್ಯಾನ ಕಲಿಯಲಿಕ್ಕೆ.

ಅಲ್ಲಿದ್ದ ಮುದಿ ಗುರುಗಳು ಸಂಗಯ್ಯನವರು. ಸುತ್ತಲಿನ ಜನರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಜಪತಪಕ್ಕಿಂತ ಹೆಚ್ಚು ಹೊತ್ತು ಅವರು ಕಾಯಿಲೆಯವರ ಬಳಿ ಕೂತಿರುತ್ತಿದ್ದರು.

ನಿರುಪಾದಿ ಬೇರು ಕುಟ್ಟಿದ, ನೀರು ಹೊತ್ತ, ನಡುನಡುವೆ ಕೇಳುತ್ತಲೇ ಇದ್ದ. ಉಸಿರನ್ನು ನೋಡುತ್ತ ಕೂರುವುದು ಹೇಗೆಂದು ಹೇಳಿಕೊಡಿ ಎನ್ನುತ್ತಿದ್ದ. ಅಜ್ಜಾರು ಆಗಲಿ ಎನ್ನುವರು, ಮತ್ತೆ ಔಷಧಿ ಅರೆಯುವರು.

ಹೊಳೆಯ ಮೇಲೆ ಬೆಳಗಿನ ಮಂಜು ನಿಲ್ಲುವ ಕಾಲ ಬಂತು. ಕುರಿ ಹಿಂಡಿನವರು ದಾರಿಯಲ್ಲಿ ಕಾಯಿಲೆ ಬಿದ್ದ ತಮ್ಮವರೇ ಆದ ಗಂಡಹೆಂಡಿರನ್ನು ಹೊತ್ತು ತಂದು ಆಶ್ರಮದ ಪಡಸಾಲೆಯಲ್ಲಿ ಬಿಟ್ಟು ಮುಂದೆ ಹೋದರು. ಇಬ್ಬರಿಗೂ ಮೈ ಸುಡುವ ಜ್ವರ. ಹೆಂಡತಿ ಲಗಮವ್ವ ಆ ಜ್ವರದಲ್ಲೇ ಹೆತ್ತಿದ್ದಳು, ಏಳು ತಿಂಗಳಿಗೆ.

ಹೆಣ್ಣು ಕೂಸು. ಮೈಯಲ್ಲಿ ಮಾಂಸವೇ ಇರಲಿಲ್ಲ. ತೆಳ್ಳನೆಯ ಚರ್ಮದಡಿ ನೀಲಿ ನರಗಳು ಕಾಣುತ್ತಿದ್ದವು. ಅಳಲಿಕ್ಕೂ ಅದಕ್ಕೆ ತ್ರಾಣವಿರಲಿಲ್ಲ.

ಜ್ವರದವರ ಮಗ್ಗುಲಲ್ಲಿ ಇದನ್ನು ಮಲಗಿಸುವಂತಿಲ್ಲ ಎಂದರು ಅಜ್ಜಾರು. ನಿರುಪಾದಿಯ ಅಂಗಿ ತೆಗೆಸಿದರು. ಕೂಸನ್ನು ಅವನ ಬರಿಯೆದೆಯ ಮೇಲೆ ಕವುಚಿ ಮಲಗಿಸಿ, ಹಳೆಯ ಮೆತ್ತನೆ ಸೀರೆಯಿಂದ ಇಬ್ಬರನ್ನೂ ಸೇರಿಸಿ ಸುತ್ತಿದರು.

"ಉಸಿರು ನೋಡಬೇಕು ಎನ್ನುತ್ತಿದ್ದೆಯಲ್ಲ," ಎಂದರು. "ಇದರದ್ದು ನೋಡು."

ನಿರುಪಾದಿ ಗೋಡೆಗೆ ಒರಗಿ ಕೂತ. ಎದೆಯ ಮೇಲೆ ಭಾರವೇ ಇಲ್ಲ. ಬಿಸಿಲಿಗೆ ಕಾದ ಎಲೆಯೊಂದು ಬಂದು ಬಿದ್ದಂತಿತ್ತು. ಎಲೆ ಏಳುತ್ತಿತ್ತು, ಇಳಿಯುತ್ತಿತ್ತು.

ಹೊರಗೆ ಹೊಳೆ ಹರಿಯುವ ಸದ್ದು. ಬಿದಿರ ತಟ್ಟಿಯ ಸಂದಿಯಿಂದ ಬಿಸಿಲು ನೆಲದ ಮೇಲೆ ಅಲುಗುತ್ತಿತ್ತು. ಅವನ ಉಸಿರೂ ಕೂಸಿನ ಉಸಿರೂ ಒಂದಾದವು. ಕಣ್ಣು ತಾನಾಗಿ ಮುಚ್ಚಿತು. ಗೋಡೆ ಕರಗಿತು, ಹೊಳೆ ಕರಗಿತು, ತಾನು ಎಂಬುದೂ ಕರಗಿತು. ಎಷ್ಟು ದಿನದಿಂದ ಹುಡುಕುತ್ತಿದ್ದನೋ ಆ ನಿಶ್ಶಬ್ದ ಸಿಕ್ಕಿತು.

ಕಣ್ಣು ತೆರೆದಾಗ ಅಜ್ಜಾರು ಅವನ ಮೇಲೆ ಬಾಗಿ ನಿಂತಿದ್ದರು. ಸೀರೆಯ ಮಡಿಕೆ ಸರಿಸಿ ಕೂಸಿನ ಅಂಗಾಲನ್ನು ಬೆರಳಿನಿಂದ ಉಜ್ಜುತ್ತಿದ್ದರು. ಅದರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಕೂಸು ಒಮ್ಮೆ ನಡುಗಿತು. ಬಾಯಿ ತೆರೆಯಿತು. ಉಸಿರು ಬಂತು.

ನಿರುಪಾದಿ ಕೂಸಿನ ತುಟಿಯನ್ನೇ ನೋಡಿದ.

"ನನಗೆ ದೊಡ್ಡ ಶಾಂತಿ ಸಿಕ್ಕಿತ್ತು," ಎಂದ ಕಷ್ಟದಿಂದ.

"ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅದಕ್ಕೂ ಸಿಗುತ್ತಿತ್ತು," ಎಂದರು ಅಜ್ಜಾರು.

ಆಮೇಲೆ ಪಕ್ಕದಲ್ಲಿ ಕೂತು ಮೆಲ್ಲಗೆ ತಿಳಿಸಿದರು. ಹೊಟ್ಟೆಯೊಳಗಿದ್ದಾಗ ಇದರ ಪಾಲಿನ ಉಸಿರನ್ನೂ ತಾಯಿಯೇ ಎಳೆಯುತ್ತಿದ್ದಳು. ಇದು ಇನ್ನೂ ಅಲ್ಲೇ ಇದ್ದೇನೆಂದು ತಿಳಿದಿದೆ. ನಿದ್ದೆಯಲ್ಲಿ ಬಸಿರಿನ ಆ ನೀರಿಗೆ ಮರಳುತ್ತದೆ, ಉಸಿರಾಡುವುದನ್ನು ಮರೆಯುತ್ತದೆ. ಆಗ ಯಾರಾದರೂ ನೆನಪಿಸಬೇಕು.

ಅಂದಿನಿಂದ ನಿರುಪಾದಿ ರೆಪ್ಪೆ ಕೂಡಿಸಲು ಹೆದರಿದ. ಕೂಸು ಅಲುಗದಿದ್ದರೆ ಅಂಗಾಲು ಉಜ್ಜುವನು. ಅಲುಗಿದರೂ ಉಜ್ಜುವನು. ಅದಕ್ಕೆ ನಿದ್ದೆ ಹತ್ತಲಿಲ್ಲ. ಲಗಮವ್ವ ಹಿಂಡಿ ಕಳಿಸಿದ ಎದೆಹಾಲನ್ನು ಒಳಲೆಯ ಕೊಕ್ಕಿನಿಂದ ತೊಟ್ಟು ತೊಟ್ಟಾಗಿ ಬಿಟ್ಟರೆ ಅದು ಕಟಬಾಯಿಯಿಂದ ಹರಿದುಹೋಗುತ್ತಿತ್ತು. ಇದ್ದ ಅಲ್ಪ ಕಸುವೂ ಇಳಿಯಿತು.

ಅಜ್ಜಾರು ಅವನ ಕೈಯನ್ನು ಹಿಡಿದು ಕೂಸಿನ ಬೆನ್ನ ಮೇಲೆ ಇಟ್ಟರು. ತಮ್ಮ ಕೈಯನ್ನು ಅದರ ಮೇಲಿಟ್ಟು ಹಾಗೇ ಬಹಳ ಹೊತ್ತು ಬಿಟ್ಟರು.

"ನಿನ್ನ ಭಯಕ್ಕೆ ಅದನ್ನು ಎಬ್ಬಿಸಬೇಡ," ಎಂದರು.

ಮಂಜು ಹೊಳೆಯಿಂದೆದ್ದು ಅಂಗಳ ತುಂಬುತ್ತಿತ್ತು, ಬಿಸಿಲಿಗೆ ಕರಗುತ್ತಿತ್ತು. ನಿರುಪಾದಿ ದಿನಗಳ ಲೆಕ್ಕ ಬಿಟ್ಟ. ದಣಿದಾಗ ಅಜ್ಜಾರು ತಮ್ಮ ಎದೆಯ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಿದ್ದರು. ಆಗ ಅವನು ನಿದ್ದೆ ಮಾಡುವನು. ಕನಸಿನಲ್ಲಿ ತಾನೂ ಕೂಸೂ ಬೆಚ್ಚನೆಯ ನೀರಿನಲ್ಲಿ ಅಕ್ಕಪಕ್ಕ ತೇಲುತ್ತಿರುವರು. ದಡ ಎಲ್ಲಿಯೂ ಇರದು.

ಒಂದು ಮಧ್ಯಾಹ್ನ ಅವನು ಬೆನ್ನು ಗೋಡೆಗೆ ಕೊಟ್ಟು ಕೂತಿದ್ದ. ಅವನ ಅಂಗೈಯಡಿ ಏನೋ ನಿಂತಿತು. ಕಾದು ನೋಡಿದ. ಮತ್ತೆ ಏಳಲಿಲ್ಲ. ಗಾಬರಿಯಾಗದೆ ಅಂಗಾಲನ್ನು ಒಮ್ಮೆ ನೇವರಿಸಿದ. ಎಲ್ಲೋ ಹೋಗಿದ್ದವರು ತಿರುಗಿ ಮನೆಯೊಳಗೆ ಬಂದಂತೆ ಉಸಿರು ಬಂತು.

ತಲೆಯೆತ್ತಿದರೆ ಬಾಗಿಲಲ್ಲಿ ಅಜ್ಜಾರು ನಿಂತಿದ್ದರು. ಔಷಧಿ ಅರೆಯಲು ಒಳಗೆ ಹೋದರು.

ಕೂಸು ಹಾಲು ನುಂಗತೊಡಗಿತು. ಕೆನ್ನೆ ಮೂಡಿತು. ಉಸಿರು ಮರೆಯುವುದು ಅಪರೂಪವಾಯಿತು. ಅತ್ತ ಗಂಡಹೆಂಡಿರಿಗೂ ಜ್ವರ ಬಿಟ್ಟಿತು.

ಲಗಮವ್ವ ಎದ್ದು ಓಡಾಡುವಂತಾದಾಗ ನಿರುಪಾದಿ ಅಜ್ಜಾರ ಬಳಿ ಹೋದ. ಅವಳಿನ್ನೂ ನಿಶ್ಶಕ್ತಳು, ಮಲಗಿದರೆ ಎಚ್ಚರವಿರುವುದಿಲ್ಲ, ಕೂಸು ಕೆಲವು ದಿನ ತನ್ನ ಬಳಿಯೇ ಇರಲಿ ಎಂದ.  ಅಜ್ಜಾರು ಲಗಮವ್ವನನ್ನು ಕರೆದು ಅವನ ಎದುರಿಗೆ ಕೂರಿಸಿದರು.

ಅವಳು ಕೈ ಚಾಚಿದಳು. ಮರುಕ್ಷಣ ಸೆರಗಿನೊಳಗೆ ಎಳೆದುಕೊಂಡಳು.

"ನಿಮ್ಮ ಹತ್ತಿರವೇ ಇರಲಿ, ಅಣ್ಣಾ," ಎಂದಳು. "ನನ್ನ ಕೈ ಒರಟು. ಹೊಟ್ಟೆಯಲ್ಲೇ ಇದನ್ನು ಉಳಿಸಿಕೊಳ್ಳಲಾಗಲಿಲ್ಲ ನನಗೆ."

ಅವನಿಗೆ ಬೇಕಾಗಿದ್ದ ಮಾತನ್ನೇ ಅವಳು ಆಡಿದ್ದಳು. ನಿರುಪಾದಿ ಅಜ್ಜಾರತ್ತ ನೋಡಿದ. ಅವರು ಹೊಳೆ ನೋಡುತ್ತಿದ್ದರು.

ಕೂಸಿನ ಬೆನ್ನನ್ನು ಒಮ್ಮೆ ನೇವರಿಸಿ ಅವನು ಸೀರೆಯ ಗಂಟು ಬಿಚ್ಚಿದ. ಕೂಸನ್ನು ಅವಳ ಎದೆಯ ಮೇಲೆ ಕವುಚಿ ಮಲಗಿಸಿದ. ಅದೇ ಸೀರೆಯನ್ನು ಸುತ್ತಲೂ ಹೊದಿಸಿದ. ಎಲ್ಲಿ ಕೈ ಇಡಬೇಕು, ಯಾವಾಗ ಸುಮ್ಮನಿರಬೇಕು, ಅಂಗಾಲನ್ನು ಎಷ್ಟು ಹಗುರವಾಗಿ ಮುಟ್ಟಬೇಕು ಎಂದು ತೋರಿಸಿದ. ತನಗೆ ಗೊತ್ತಿದ್ದುದರಲ್ಲಿ ಏನನ್ನೂ ಮುಚ್ಚಿಡಲಿಲ್ಲ.

ಕೂಸು ತಲೆ ಹೊರಳಿಸಿ ಅವಳ ಮೊಲೆ ಹುಡುಕಿತು. ಲಗಮವ್ವ ಸದ್ದಿಲ್ಲದೆ ಅತ್ತಳು.

ಚಳಿ ಕಳೆದ ಮೇಲೆ ಹಿಂಡು ಅದೇ ದಾರಿಯಲ್ಲಿ ಮರಳಿತು. ಗಂಡ ಕಂಬಳಿ ಹೊತ್ತ, ಹೆಂಡತಿ ಕೂಸನ್ನು ಕಟ್ಟಿಕೊಂಡಳು. ಇಬ್ಬರೂ ಅಜ್ಜಾರಿಗೂ ನಿರುಪಾದಿಗೂ ಕೈಮುಗಿದು ಕುರಿಗಳ ಹಿಂದೆ ನಡೆದರು. ಧೂಳಿನಲ್ಲಿ ಅವರ ಬೆನ್ನು ಮಸುಕಾಗುವವರೆಗೂ ನಿರುಪಾದಿ ದಂಡೆಯ ಮೇಲೆ ನಿಂತಿದ್ದ.

"ಅಜ್ಜಾರೇ, ದೊಡ್ಡದಾದ ಮೇಲೆ ಅದಕ್ಕೆ ನನ್ನ ನೆನಪಿರುತ್ತದೆಯೇ?"

"ಇರಬಾರದಪ್ಪಾ," ಎಂದರು ಅಜ್ಜಾರು. "ಆ ನೆನಪಿನ ಭಾರ ಅದಕ್ಕೇಕೆ? ಅದಕ್ಕೆ ಆಡಿ ನಲಿಯಲಿಕ್ಕೆ ಎಷ್ಟೊಂದಿದೆ."