ಜೀಪಿಗೆ ಹಚ್ಚಿದ ವಿಭೂತಿ

ಹೊಳೆದಂಡೆಯ ಆಶ್ರಮದಲ್ಲಿ ಅಡವೆಯ್ಯಜ್ಜ ಎಂಬ ಗುರುಗಳಿದ್ದರು. ಅವರ ಶಿಷ್ಯ ಚೆನ್ನವೀರ. ಆಶ್ರಮದ ಹಳೆಯ ಜೀಪು ಅವನ ಪಾಲಿಗೆ ಬಂದ ಸೇವೆ.

ಚೆನ್ನವೀರ ಮೈಗಳ್ಳನಲ್ಲ. ಪ್ರತಿ ಸೋಮವಾರ ಜೀಪು ತೊಳೆದು, ಬಾನೆಟ್ ಎತ್ತಿ, ಇಂಜಿನ್ನಿಗೂ ಬ್ಯಾಟರಿಗೂ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದ ಮೇಲೆಯೇ ತುತ್ತು ಬಾಯಿಗಿಡುತ್ತಿದ್ದ. ಹಚ್ಚಿದ್ದನ್ನು ಒರೆಸುವುದು ಅಪಚಾರವೆಂದು ಬ್ಯಾಟರಿಯ ಹತ್ತಿರ ಬಟ್ಟೆ ಸುಳಿಯಗೊಡುತ್ತಿರಲಿಲ್ಲ. ಇಷ್ಟು ಭಕ್ತಿ ಕಂಡ ಜೀಪು ಆ ಸೀಮೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಒಂದು ಬೆಳಿಗ್ಗೆ ಕಲ್ಲಯ್ಯನವರ ಮನೆಯಿಂದ ಸುದ್ದಿ ಬಂತು. ಅನ್ನ ನೀರು ಬಿಟ್ಟಿದ್ದಾರೆ, ಮಧ್ಯಾಹ್ನ ದಾಟುವುದು ಕಷ್ಟ.

ಕಲ್ಲಯ್ಯ ಮತ್ತು ಅಜ್ಜ ಒಂದೇ ಗುರುವಿನ ಶಿಷ್ಯರು. ಹನ್ನೊಂದು ವರ್ಷದ ಹಿಂದೆ ಯಾವುದೋ ಮಾತಿಗೆ ಮುನಿಸಿಕೊಂಡವರು ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಯಾರಾದರೂ ಕೆದಕಿದರೆ ಅಜ್ಜ, ತನಗೆ ಯಾರ ಮೇಲೂ ಸಿಟ್ಟಿಲ್ಲ, ಯಾರ ಹಂಬಲವೂ ಇಲ್ಲ ಎನ್ನುತ್ತಿದ್ದರು. ಎಂಥ ವೈರಾಗ್ಯ ಎಂದು ಚೆನ್ನವೀರ ಮನಸ್ಸಿನಲ್ಲೇ ಅಡ್ಡಬೀಳುತ್ತಿದ್ದ.

ಆ ಬೆಳಿಗ್ಗೆ ಮಾತ್ರ ಅಜ್ಜ ಕೋಲನ್ನೂ ಮರೆತು ಬರಿಗಾಲಲ್ಲೇ ಅಂಗಳಕ್ಕಿಳಿದರು.

ಚೆನ್ನವೀರ ಓಡಿಹೋಗಿ ಕೀಲಿ ತಿರುಗಿಸಿದ. ಜೀಪು ಕಟ್ ಎಂದಿತು, ಅಷ್ಟೇ.

ಪಕ್ಕದ ಹೊಲದವರನ್ನು ಕಾಡಿ ಬೇಡಿ ಟ್ರ್ಯಾಕ್ಟರ್ ತರಿಸಿದ. ಅದರ ಬ್ಯಾಟರಿಯಿಂದ ಜೀಪಿಗೆ ಕೆಂಪು, ಕಪ್ಪು ಜಂಪರ್ ಕೇಬಲ್ ಎಳೆದ. ಕೀಲಿ ತಿರುಗಿಸಿದರೆ ಮತ್ತೆ ಅದೇ ಕಟ್. ಕೇಬಲ್ಲನ್ನು ಬೈದ. ಬೇರೆ ಕೇಬಲ್ ತರಿಸಿದ, ಅದನ್ನೂ ಬೈದ. ಹೊತ್ತು ಏರುತ್ತಲೇ ಇತ್ತು. ಕೊನೆಗೆ ಅಳುವವನ ಹಾಗೆ ಅಜ್ಜನ ಮುಂದೆ ಬಂದು ನಿಂತ.

“ಬ್ಯಾಟರಿ ಸತ್ತೈತ್ರಿ, ಅಜ್ಜಾರ.”

“ಲೈಟ್ ಹಚ್ಚು.”

ಲೈಟು ಹತ್ತಿತು.

“ಈಗ ಕೀಲಿ ತಿರುವು.”

ತಿರುಗಿಸಿದ ಕೂಡಲೇ ಲೈಟು ಆರಿತು. ಕೈಬಿಟ್ಟರೆ ಮತ್ತೆ ಹತ್ತಿತು.

“ಸತ್ತವ ಹಿಂಗ ಕಣ್ಣು ಬಿಡತಾನೇನು?”

“ಟ್ರ್ಯಾಕ್ಟರಿಂದ ಕರೆಂಟ್ ಕೊಟ್ರೂ ತಗೊಳ್ಳವಲ್ದಲ್ರಿ?”

ಅಜ್ಜ ಬಾನೆಟ್ಟಿನೊಳಗೆ ಬಗ್ಗಿದರು. ಬ್ಯಾಟರಿಯ ಮೇಲೆ ತಂತಿ ಸಿಕ್ಕಿಸುವ ಎರಡೂ ಕಂಬಗಳು ಕಾಣದಷ್ಟು ಬಿಳಿ ಹಕ್ಕಳೆ ಕಟ್ಟಿತ್ತು. ಕೇಬಲ್ಲಿನ ಇಕ್ಕಳ ಕಚ್ಚಿದ್ದೂ ಅದನ್ನೇ.

“ಇದೇನಪಾ?”

“ವಿಭೂತಿ ರೀ. ಸೋಮವಾರಕ್ಕೊಮ್ಮೆ ಹಚ್ಚತೀನಿ.”

“ನೀ ಹಚ್ಚಿದ್ದು ಮೂರು ಬೆರಳಿನಷ್ಟು. ಇದು ಕಿಲುಬು, ತಾನಾಗೇ ಬೆಳದೈತಿ. ಕರೆಂಟ್ ದಾಟಗೊಡಂಗಿಲ್ಲ.”

ಅಡುಗೆಮನೆಯಿಂದ ಬಿಸಿನೀರು, ಅಡುಗೆ ಸೋಡಾ ತರಲು ಹೇಳಿದರು. ಕೀಲಿ ತೆಗೆಸಿ, ಕೇಬಲ್ ಬಿಡಿಸಿ, ಪಾನಾ ಹಿಡಿದು ಮೊದಲು ಬ್ಯಾಟರಿಯ ಕಪ್ಪು ತಂತಿ, ಆಮೇಲೆ ಕೆಂಪು ತಂತಿ ಬಿಚ್ಚಿದರು. ಸೋಡಾ ನೀರು ಬೀಳುತ್ತಿದ್ದಂತೆ ಬಿಳುಪು ಬುಸುಗುಟ್ಟಿ ನೊರೆಯಾಗಿ ಇಳಿದುಹೋಯಿತು. ತೆಂಗಿನ ನಾರಿನಿಂದ ತಿಕ್ಕಿ, ಹೆಗಲ ಮೇಲಿನ ಕಾವಿ ಬಟ್ಟೆಯಿಂದಲೇ ಒರೆಸಿದರು. ಒಳಗಿನ ಸೀಸ ಹೊಸದರಂತೆ ಹೊಳೆಯಿತು. ತಂತಿಗಳನ್ನು ಬಿಗಿಯಾಗಿ ಕಟ್ಟಿ, ಕೀಲಿ ಹಾಕು ಎಂದು ಕೈ ಮಾಡಿದರು.

ಕೇಬಲ್ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಜೀಪು ಒಂದೇ ಸಲಕ್ಕೆ ಚಾಲೂ ಆಯಿತು.

ಚೆನ್ನವೀರ ಅಜ್ಜನ ಕೈಗಳನ್ನೇ ನೋಡಿದ. ಗ್ರಂಥದ ಹಾಳೆ ಮಗುಚುವುದನ್ನಷ್ಟೇ ಕಂಡಿದ್ದ ಕೈಗಳಿಗೆ ಈಗ ಮಸಿ ಮೆತ್ತಿತ್ತು. ಇಂಥವರ ಕಾಲಬುಡದಲ್ಲಿರುವುದು ತನ್ನ ಪುಣ್ಯ ಅನಿಸಿತು.

ದಾರಿಯಲ್ಲಿ ತಡೆಯಲಾರದೆ ಕೇಳಿದ. “ಇದನ್ನೆಲ್ಲಾ ಎಲ್ಲಿ ಕಲತ್ರಿ, ಅಜ್ಜಾರ?”

“ನಮ್ಮ ಗುರುಗಳ ಕಾರು ಕಲ್ಲಯ್ಯನ ಸೇವೆ ಇತ್ತು. ಅವನೇ ಕಲಿಸಿದ.”

ಆಮೇಲೆ ಅಜ್ಜ ಕಾವಿ ಬಟ್ಟೆಯ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತ ಕೂತರು.

ಕಲ್ಲಯ್ಯನ ಉಸಿರು ಇನ್ನೂ ಆಡುತ್ತಿತ್ತು. ಅಜ್ಜ ಮಂಚದ ಪಕ್ಕ ನೆಲದ ಮೇಲೆ ಕೂತು, ಮಸಿಗೈಯಲ್ಲೇ ಗೆಳೆಯನ ಕೈ ಹಿಡಿದರು. ಕಲ್ಲಯ್ಯ ನಿಧಾನವಾಗಿ ಕಣ್ಣು ಬಿಟ್ಟರು.

“ಹನ್ನೊಂದು ವರ್ಷ ಎಲ್ಲಿದ್ದಿ, ಅಡವ್ಯಾ?”

ಬಾಗಿಲಲ್ಲಿ ನಿಂತಿದ್ದ ಚೆನ್ನವೀರ, ಗುರುಗಳ ಕಣ್ಣಲ್ಲಿ ನೀರು ಬಂದದ್ದನ್ನು ಮೊದಲ ಸಲ ನೋಡಿದ.

“ಇಲ್ಲೇ ಇದ್ದೆ, ಕಲ್ಲಯ್ಯ. ನಮ್ಮ ನಡುವ ಬೆಳ್ಳಗ ಏನೋ ಬೆಳದಿತ್ತು. ನಾ ಅದನ್ನ ವಿಭೂತಿ ಅಂತ ತಿಳಕೊಂಡಿದ್ದೆ.”