ಕುರ್ಚಿ ತಂದುಕೊಟ್ಟ ಗಾಳಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಆರನೇ ಕ್ಲಾಸಿನ ಲೆಕ್ಕದ ಪರೀಕ್ಷೆ ಗುರುವಾರ ಇತ್ತು. ಗುರುವಾರದ ಹೊತ್ತಿಗೆ ನಾನು ಮೂರು ಊರು ದಾಟಿದ್ದೆ. ಅವತ್ತಿನಿಂದ ನಡೆಯುತ್ತಲೇ ಇದ್ದೇನೆ. ಲಾರಿ ಸಿಕ್ಕಿದರೆ ಲಾರಿ, ಹಡಗು ಸಿಕ್ಕಿದರೆ ಹಡಗು. ಒಂದು ಊರು ಬಿಟ್ಟೆ ಅಂದರೆ ಬಿಟ್ಟೆ. ಅದೇ ಊರಿಗೆ ತಿರುಗಿ ಹೋಗುವ ಅಭ್ಯಾಸ ನನಗಿಲ್ಲ.

ಈ ಬೇಸಿಗೆ ನನ್ನ ಕಾಲು ನಿಂತದ್ದು ಸ್ಪೇನ್ ದೇಶದ ನೊಗಲೆದಾ ಎಂಬ ಬೆಟ್ಟದೂರಿನಲ್ಲಿ. ಮೂವತ್ತು ಕಲ್ಲಿನ ಮನೆ, ಒಂದು ಗಂಟೆಗೋಪುರ, ಅದರ ನೆತ್ತಿಯಲ್ಲಿ ಕೊಕ್ಕರೆಯ ಗೂಡು. ಊರ ನಡುವೆ ನೀರಿನ ತೊಟ್ಟಿ. ತಣ್ಣಗಾಗಲಿ ಅಂತ ಅದರಲ್ಲಿ ಕಲ್ಲಂಗಡಿ ತೇಲಿಬಿಟ್ಟಿರುತ್ತಾರೆ. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ಮಧ್ಯಾಹ್ನ ಇಡೀ ಊರು ಕಿಟಕಿ ಮುಚ್ಚಿಕೊಂಡು ಮಲಗುತ್ತದೆ, ನಾಯಿಗಳೂ ಸೇರಿ.

ನನಗೆ ಕೆಲಸ ಕೊಟ್ಟವರು ತೀಯಾ ಪ್ರುದೆನ್ಸಿಯಾ. ಇಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ‘ತೀಯಾ’ ಅನ್ನುತ್ತಾರೆ, ನಾವು ಅತ್ತೆ ಅಂದ ಹಾಗೆ. ಅವರ ಹದಿನೇಳು ಮೇಕೆಗಳ ಹಾಲು ಕರೆಯುವುದು ನನ್ನ ಪಾಲಿಗೆ.

ಸಂಜೆಯಾದರೆ ಎಲ್ಲರೂ ಹುಲ್ಲುಹಗ್ಗ ಹೆಣೆದ ಕುರ್ಚಿ ತಂದು ಬೀದಿಯಲ್ಲಿ ಹಾಕಿ ಕೂರುತ್ತಾರೆ. ಮೊದಲ ದಿನ ನಾನೂ ಒಂದು ಖಾಲಿ ಕುರ್ಚಿ ನೋಡಿ ಕೂರಲು ಹೋದೆ.

“ಏಯ್, ಏಳು ಏಳು! ಅದು ನಿಂದಲ್ಲ,” ಅಂದರು ತೀಯಾ.

“ಮತ್ತೆ ಯಾರದು ತೀಯಾ?”

“ಗಾಳೀದು. ಈಗ ಬರುತ್ತೆ, ತಾಳು.”

ನಾನು ನಕ್ಕೆ. ಅವರು ನಗಲಿಲ್ಲ. ಬಟಾಣಿ ಬಿಡಿಸುತ್ತ ಬಿಡಿಸುತ್ತ ಅವರು ಹೇಳಿದ ಕತೆ ಇದು.

ಜಗತ್ತಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಬೆಟ್ಟಗಳು ಆಗಷ್ಟೇ ಎದ್ದು ಮೈ ಮುರಿಯುತ್ತಿದ್ದವು. ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ನದಿ ಇನ್ನೂ ಯೋಚಿಸುತ್ತಿತ್ತು. ಗಾಳಿಗಂತೂ ಹೊತ್ತುಗೊತ್ತು ಇರಲಿಲ್ಲ. ಒಂದು ದಿನ ನಡುಮಧ್ಯಾಹ್ನ ನುಗ್ಗಿ ಒಣಗಿಹಾಕಿದ ಅಂಗಿಯನ್ನು ಕೊಕ್ಕರೆಯ ಗೂಡಿಗೆ ತೂರುತ್ತಿತ್ತು. ಆಮೇಲೆ ಹತ್ತು ದಿನ ಪತ್ತೆಯೇ ಇಲ್ಲ.

ಊರಿಗೋ ಗಾಳಿ ಬೇಕೇ ಬೇಕು. ಯಾಕೆಂದರೆ ಗೋಧಿ ಕೊಯ್ದಾಗಿತ್ತು. ಹೇಸರಗತ್ತೆ ಕಣದಲ್ಲಿ ಸುತ್ತಿ ಸುತ್ತಿ ತೆನೆಯೆಲ್ಲ ತುಳಿದಾಗಿತ್ತು. ಇನ್ನು ಮರದ ಕವೆಗೋಲಿನಲ್ಲಿ ಎತ್ತಿ ಎತ್ತಿ ತೂರಬೇಕು. ಗಾಳಿ ಇದ್ದರೆ ಹೊಟ್ಟು ಹಾರುತ್ತದೆ, ಕಾಳು ಬೀಳುತ್ತದೆ. ಇಲ್ಲದಿದ್ದರೆ ಎರಡೂ ತೂರಿದವನ ತಲೆಯ ಮೇಲೇ ಬೀಳುತ್ತವೆ.

ಊರ ಯಜಮಾನ ಮೆಲಿತೋನ್ ಒಂದು ಉಪಾಯ ಮಾಡಿದ. ಗಾಳಿ ಆಟವಾಡುತ್ತ ಕಣಜದ ಮನೆಯೊಳಗೆ ಹೊಕ್ಕಾಗ ಕೂಗಿದ, “ಬಾಗಿಲು ಹಾಕ್ರೋ! ಇನ್ನು ಇದು ನಮ್ಮದೇ!”

ಬಾಗಿಲು ಹಾಕಿದರು. ಅಗಳಿ ಜಡಿದರು. ಗಾಳಿ ಒಳಗೆ ಗಿರಗಿರ ಸುತ್ತಿತು, ಗೋಡೆಗೆ ಡಿಕ್ಕಿ ಹೊಡೆಯಿತು. ಕೊನೆಗೆ ಬೀಗದ ಕಂಡಿಯಿಂದ ಸುಯ್ಯೆಂದು ಹೊರಬಿತ್ತು. “ಇನ್ನು ನಿಮ್ಮೂರ ಕಡೆ ತಲೆ ಹಾಕಿ ಕೂಡ ಮಲಗಲ್ಲ!” ಅಂದು ಬೆಟ್ಟ ಹತ್ತಿಹೋಯಿತು.

ಊರು ಬಾಣಲೆಯ ಹಾಗೆ ಕಾದುಹೋಯಿತು. ಒಂದು ಎಲೆ ಅಲ್ಲಾಡಲಿಲ್ಲ. ಗೋಧಿಯ ರಾಶಿ ಕಣದಲ್ಲಿ ಬಿದ್ದಲ್ಲೇ ಬಿದ್ದಿತ್ತು. ಅಷ್ಟರಲ್ಲಿ ಒಂದು ದಪ್ಪ ಮೋಡ ಬಂದು ಬೆಟ್ಟದ ಹೆಗಲ ಮೇಲೆ ಕೂತಿತು.

“ನೋಡ್ರಪ್ಪಾ,” ಅಂತು ಮೋಡ, “ಮೈಯೆಲ್ಲ ನೀರು ತುಂಬ್ಕೊಂಡು ಬಂದಿದೀನಿ. ನಿಮ್ಮ ಮುಖ ನೋಡಿ ಮೂರು ದಿನ ತಡ್ಕೋತೀನಿ. ಆಮೇಲೆ ನನ್ನ ಕೈಲಾಗಲ್ಲ.”

ಮಳೆ ಬಿದ್ದರೆ ರಾಶಿ ಕೊಳೆಯುತ್ತದೆ. ರಾಶಿ ಕೊಳೆತರೆ ಚಳಿಗಾಲಕ್ಕೆ ಯಾರ ಮನೆಯಲ್ಲೂ ರೊಟ್ಟಿ ಇಲ್ಲ.

ಆಗ ತೀಯಾ ಕಸಿಲ್ದಾ ಎದ್ದು ನಿಂತಳು. ಊರಿನಲ್ಲೆಲ್ಲ ಚಿಕ್ಕ ಮನೆ ಅವಳದು, ಎಲ್ಲರಿಗಿಂತ ಹಳೆಯ ಮಂಡಿಯೂ ಅವಳದೇ. “ನಾನು ಹೋಗಿ ಬರ್ತೀನಿ,” ಅಂದಳು.

ಮೆಲಿತೋನ್ ನಕ್ಕ. “ಆ ಮಂಡಿ ಇಟ್ಕೊಂಡು ತೊಟ್ಟಿ ತನಕ ಹೋಗೋದೇ ಕಷ್ಟ ನಿಮಗೆ. ಬೆಟ್ಟ ಹತ್ತೀರಾ ತೀಯಾ?”

“ಅದಕ್ಕೇ ಕುರ್ಚಿ ತಗೊಂಡು ಹೋಗ್ತಿರೋದು,” ಅಂದಳು ಕಸಿಲ್ದಾ.

ಕುರ್ಚಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಇಪ್ಪತ್ತು ಹೆಜ್ಜೆ ನಡೆದಳು, ಕುರ್ಚಿ ಇಳಿಸಿ ಕೂತಳು. ಇಪ್ಪತ್ತು ಹೆಜ್ಜೆ ನಡೆದಳು, ಕುರ್ಚಿ ಇಳಿಸಿ ಕೂತಳು.

ಊರಂಚಿನ ಅಕ್ರೋಟು ಮರ ಕೇಳಿತು, “ಎಲ್ಲಿಗೆ ಹೊರಟೆ ಕಸಿಲ್ದಾ?”

“ಮೇಲಕ್ಕೆ.”

ನದಿ ಕೇಳಿತು, “ಎಲ್ಲಿಗೆ ಹೊರಟೆ ಕಸಿಲ್ದಾ?”

“ಮೇಲಕ್ಕೆ.”

“ನಾನು ಅಲ್ಲಿಂದಲೇ ಬರ್ತಿದೀನಿ. ಅಲ್ಲಿ ಏನೂ ಇಲ್ಲ.”

“ನೀನು ಓಡ್ತಾ ಬಂದೋಳು. ನಿಂಗೇನು ಕಂಡೀತು!”

ಎರಡನೆಯ ದಿನ ಮಧ್ಯಾಹ್ನ ತುದಿ ಮುಟ್ಟಿದಳು. ಅಲ್ಲಿ ಬಂಡೆಯ ಮರೆಯಲ್ಲಿ ಒಂದಿಷ್ಟು ಹಿಮ ಕರಗದೆ ಉಳಿದಿತ್ತು. ಗಾಳಿ ಅದರ ಪಕ್ಕ ಮುದುಡಿಕೊಂಡು ಬಿದ್ದಿತ್ತು. ಕಸಿಲ್ದಾ ಕುರ್ಚಿ ಇಳಿಸಿ ಕೂತು ಮಂಡಿ ನೀವಿಕೊಳ್ಳತೊಡಗಿದಳು.

ಗಾಳಿಗೆ ತಡೆಯಲಾಗಲಿಲ್ಲ. “ಯಾಕೆ ಬಂದೆ?”

“ಕೂರೋಕೆ.”

“ಸುಳ್ಳು. ನಮ್ಮೂರಲ್ಲೇ ಇದ್ದುಬಿಡು ಅನ್ನೋಕೆ ಬಂದಿದೀಯ.”

“ನಾನ್ಯಾಕೆ ಅನ್ಲಿ? ಇರೋಕಾಗದೋರನ್ನ ಇರು ಅಂದರೆ ಆಗುತ್ತಾ?” ಅಂದು ಕಸಿಲ್ದಾ ಎದ್ದಳು. “ನೀನೂ ಸ್ವಲ್ಪ ಕೂತ್ಕೋ. ಹುಟ್ಟಿದಾಗಿನಿಂದ ಓಡ್ತಾನೇ ಇದೀಯಲ್ಲ.”

ಗಾಳಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಕೆಲವರು ಬಾಗಿಲು ಮುಚ್ಚಿ ಆಚೆ ಇರು ಅಂದಿದ್ದರು. ಕೆಲವರು ಬಾಗಿಲು ಮುಚ್ಚಿ ಒಳಗೇ ಇರು ಅಂದಿದ್ದರು. ಕೂತ್ಕೋ ಅಂದವರು ಇವಳೊಬ್ಬಳೇ. ಮೆಲ್ಲಗೆ ಬಂದು ಕೂತಿತು. ಕುರ್ಚಿಯ ಹುಲ್ಲುಹಗ್ಗ ಸಣ್ಣಗೆ ನಡುಗಿತು.

“ಹಾಯಾಗಿದೆ,” ಅಂತು ಗಾಳಿ.

“ಸರಿ, ನಾನು ಹೊರಟೆ. ಮೇಕೆ ಕಾಯ್ತಿರುತ್ತೆ.”

“ಏಯ್, ನಿನ್ನ ಕುರ್ಚಿ?”

“ಹೊತ್ತು ಹೊತ್ತು ಬೆನ್ನು ಮುರೀತು. ಆಮೇಲೆ ಯಾವಾಗಾದ್ರೂ ನಮ್ಮೂರ ಕಡೆ ಬಂದ್ರೆ ತಂದ್ಕೊಡು.”

ಹಾಗಂದು ಇಳಿದೇಬಿಟ್ಟಳು. ತಿರುಗಿ ಕೂಡ ನೋಡಲಿಲ್ಲ.

ಅಕ್ರೋಟು ಮರ ಕಾಯುತ್ತಿತ್ತು. “ಕರೆದ್ಯಾ?”

“ಇಲ್ಲ.”

“ಕಾಲಿಗೆ ಬಿದ್ಯಾ?”

“ನನ್ನ ಮಂಡಿಗೆ ಅದೆಲ್ಲ ಆಗಲ್ಲ.”

“ಹೋಗಲಿ, ಕುರ್ಚಿ ಎಲ್ಲಿ?”

“ಬರುತ್ತೆ,” ಅಂದಳು ಕಸಿಲ್ದಾ. ಅಂದಳೇ ಹೊರತು, ಆ ರಾತ್ರಿ ಎರಡು ಸಲ ಎದ್ದು ಹೊರಗೆ ಬಂದು ನೋಡಿದಳು.

ಮೂರನೆಯ ದಿನ ಬಂತು. ಬೆಳಿಗ್ಗೆ ಗಾಳಿ ಇಲ್ಲ. ಮಧ್ಯಾಹ್ನ ಗಾಳಿ ಇಲ್ಲ. “ತೀಯಾ, ನನ್ನ ಸೊಂಟದ ಗುಂಡಿ ಕಿತ್ತುಹೋಗ್ತಿದೆ!” ಎಂದು ಮೋಡ ನರಳಿತು. ಜನ ಕವೆಗೋಲು ಹಿಡಿದು ರಾಶಿಯ ಸುತ್ತ ಸುಮ್ಮನೆ ನಿಂತರು.

ಹೊತ್ತು ಇಳಿಯಿತು. ಅಕ್ರೋಟು ಮರದ ತುದಿಯಲ್ಲಿ ಒಂದು ಎಲೆ ಅಲ್ಲಾಡಿತು. ಆಮೇಲೆ ಎರಡು. ಆಮೇಲೆ ಇಡೀ ಮರ. ನೋಡಿದರೆ, ಆಕಾಶದಲ್ಲಿ ಪಲ್ಟಿ ಹೊಡೆಯುತ್ತ ಕುರ್ಚಿ ಬರುತ್ತಿದೆ!

“ತಗೋ ನಿನ್ನ ಕುರ್ಚಿ,” ಅಂತು ಗಾಳಿ. “ಹಿಮದಲ್ಲಿ ಹಾಳಾಗ್ತಿತ್ತು, ಅದಕ್ಕೇ ತಂದೆ. ಬೇರೇನಿಲ್ಲ.”

“ಗೊತ್ತು ಮಗಾ. ಕೂತ್ಕೋ, ದಣಿದು ಬಂದಿದೀಯ.”

ಗಾಳಿ ಕಣದ ಪಕ್ಕ ಕುರ್ಚಿಯಲ್ಲಿ ಕೂತು ದೀರ್ಘವಾಗಿ ಉಸಿರು ಬಿಟ್ಟಿತು. ಜನ ಎತ್ತಿದರು, ತೂರಿದರು. ಹೊಟ್ಟು ಹಾರಿತು, ಕಾಳು ಬಿತ್ತು. ಎತ್ತಿದರು, ತೂರಿದರು. ಹೊಟ್ಟು ಹಾರಿತು, ಕಾಳು ಬಿತ್ತು. ಕತ್ತಲಾಗುವ ಮೊದಲು ಕೊನೆಯ ಚೀಲವೂ ಒಳಗೆ ಹೋಯಿತು.

ಅಷ್ಟರಲ್ಲಿ ಮೆಲಿತೋನ್ ಹಗ್ಗ ಹಿಡಿದು ಕುರ್ಚಿಯ ಹಿಂದೆ ಹೋಗುತ್ತಿದ್ದ, ಕಳ್ಳ ಬೆಕ್ಕಿನ ಹಾಗೆ. ಕಸಿಲ್ದಾ ಕವೆಗೋಲಿನ ಹಿಡಿಯಿಂದ ಅವನ ಕೈಗೆ ಟಪ್ಪೆಂದು ಕೊಟ್ಟಳು.

“ಅಯ್ಯೋ! ಮತ್ತೆ ಬರದಿದ್ರೆ ಏನು ಮಾಡೋದು ತೀಯಾ?”

“ಬಿಟ್ರೆ ಬಂದರೂ ಬಂದೀತು. ಕಟ್ಟಿದ್ರೆ ಮಾತ್ರ ಖಂಡಿತ ಬರಲ್ಲ.”

ಗಾಳಿ ಕೇಳಿಸಿಕೊಂಡಿತು. ಬೆಳಗಾಗುತ್ತಲೇ ಹೊರಟುಹೋಯಿತು. ಮೋಡ “ಉಸ್ಸಪ್ಪಾ!” ಅಂದು ಖಾಲಿ ಕಣದ ಮೇಲೆ ಸುರಿದು ಹಗುರಾಯಿತು. ಸಂಜೆ ಕಸಿಲ್ದಾ ಒದ್ದೆ ಬೀದಿಯಲ್ಲಿ ಎರಡು ಕುರ್ಚಿ ಹಾಕಿದಳು. ಒಂದರಲ್ಲಿ ತಾನು ಕೂತಳು. ಇನ್ನೊಂದನ್ನು ಖಾಲಿ ಬಿಟ್ಟಳು.

ಅಕ್ರೋಟು ಮರದ ತುದಿಯಲ್ಲಿ ಒಂದು ಎಲೆ ಅಲ್ಲಾಡಿತು.

ಅದಕ್ಕೇ ಇವತ್ತಿಗೂ ಬೆಟ್ಟದೂರುಗಳಲ್ಲಿ ಬೇಸಿಗೆಯ ಗಾಳಿ ಹಗಲೆಲ್ಲ ತನ್ನ ಪಾಡಿಗೆ ಬೆಟ್ಟ ಹತ್ತಿ ಹೋಗುತ್ತದೆ, ಹೊತ್ತು ಇಳಿದ ಮೇಲೆ ಮಾತ್ರ ತಣ್ಣಗೆ ಇಳಿದು ಬರುತ್ತದೆ. ನೀವು ಸಂಜೆ ಜಗಲಿಯಲ್ಲಿ ಕೂತಾಗ ಯಾರೋ ಕತ್ತಿನ ಹಿಂದೆ ಊದಿದ ಹಾಗಾದರೆ, ಸ್ವಲ್ಪ ಸರಿದು ಜಾಗ ಕೊಡಿ.

ಇವತ್ತು ನಾನು ಗಂಟು ಕಟ್ಟುತ್ತಿದ್ದೇನೆ. ಬೇಸಿಗೆ ಮುಗಿಯಿತು, ಹೊರಡಲು ಕಾಲು ಕಡಿಯುತ್ತಿದೆ. ಎರಡು ಅಂಗಿ, ಒಂದು ಕಂಬಳಿ, ತೀಯಾ ಪ್ರುದೆನ್ಸಿಯಾ ಕೊಟ್ಟ ಮೇಕೆಹಾಲಿನ ಚೀಸು. ಇರು ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ, ಅನ್ನಲೇ ಇಲ್ಲ.

ಈಗ ಒಂದು ಕುರ್ಚಿ ತಂದು ನನ್ನ ಮುಂದೆ ಕುಕ್ಕಿದರು.

“ಮಗಾ, ಇದನ್ನೂ ತಗೊಂಡು ಹೋಗು. ದಾರೀಲಿ ಕೂರೋಕಾಗುತ್ತೆ. ಆಮೇಲೆ ಯಾವಾಗಾದ್ರೂ ಈ ಕಡೆ ಬಂದ್ರೆ ತಂದ್ಕೊಡು.”

ಅಂದು ಮೇಕೆಗಳ ಕಡೆ ಹೋಗಿಬಿಟ್ಟರು, ತಿರುಗಿ ಕೂಡ ನೋಡದೆ. ಚೀಲದಲ್ಲಿ ಅದು ಹಿಡಿಸುತ್ತಿಲ್ಲ. ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದೇನೆ.