ಹೊಸ ಹರಿಗೋಲಿನಲ್ಲಿ ಕೂತ ಗುರು

"ಸರ್, ನಾಳೆ ವೈವಾದಾಗ ನಾ ತಡವರಿಸಿದ್ರ ನೀವು ಒಂದು ಮಾತು ಆಡ್ತೀರಲ್ರೀ?"

ಕೇಳಿದವಳು ನೀಲಗಂಗಾ. ಮಳೆಯಿಲ್ಲದೆಯೂ ಹಸಿರು ಬಿಡದ ಒಂದು ಹುಲ್ಲಿನ ಬೇರಿನ ಬೆನ್ನು ಹತ್ತಿ ಅವಳು ಆರು ವರ್ಷ ಕಳೆದಿದ್ದಳು. ಒಂದು ವರ್ಷ ಕುಂಡದಲ್ಲಿದ್ದ ಸಸಿಗಳೆಲ್ಲ ಸತ್ತವು. ಮರುವರ್ಷ ಸಸಿಗಳು ಬದುಕಿದವು, ಅವಳ ಊಹೆ ಸತ್ತಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಈಗ ಮಹಾಪ್ರಬಂಧ ಮುಗಿದಿತ್ತು. ನಾಳೆ ಎಲ್ಲರೆದುರು ನಿಂತು ಅದನ್ನು ಸಮರ್ಥಿಸಿಕೊಂಡರೆ ಡಾಕ್ಟರೇಟ್. ಹೊರಗಿನಿಂದ ಬರುವ ಪರೀಕ್ಷಕರು ಪ್ರಶ್ನೆ ಕೇಳಿಯೇ ಬೆವರಿಳಿಸುವವರೆಂದು ಹೆಸರಾದವರು. ಅವಳಿಗೆ ಬೆಳಗಿನಿಂದ ಊಟ ಸೇರಿರಲಿಲ್ಲ.

ಮಾರ್ಗದರ್ಶಕರಾದ ಬೆಳ್ಳಿಗಟ್ಟಿ ಸರ್ ಚಹಾದ ಲೋಟ ಕೆಳಗಿಟ್ಟರು. ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ನೀಲಗಂಗಾ ಅವರ ಕೊನೆಯ ವಿದ್ಯಾರ್ಥಿನಿ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಒಂದು ಕತೆ ಹೇಳಿದರು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟರೆ ಮೇಷ್ಟರ ಕುಲಕ್ಕೇ ಅವಮಾನ ಎಂದು ತಿಳಿದವರು ಅವರು.

ಹೊಳೆಯ ದಂಡೆಯಲ್ಲಿ ಹರಿಗೋಲು ಹೆಣೆಯುವ ಒಬ್ಬ ಗುರು ಇದ್ದ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ತಳಕ್ಕೆ ತೊಗಲು ಹೊಲಿದು, ಮೇಲೆ ರಾಳ ಬಳಿಯುವುದಷ್ಟೇ ಅವನ ಕೆಲಸ. ನೀರಿಗಿಳಿಯುವವರು ಅಂಬಿಗರು. ಅವನ ಬಳಿ ಕಲಿತು ಹೊರಡುವವನಿಗೆ ಒಂದು ಕಟ್ಟಳೆಯಿತ್ತು. ಗುರುವಿನ ಹರಿಗೋಲನ್ನೇ ಮತ್ತೊಮ್ಮೆ ಹೆಣೆದು ತಂದರೆ ನಡೆಯುತ್ತಿರಲಿಲ್ಲ. ಹಿಂದೆ ಯಾರೂ ಹೆಣೆಯದ ರೀತಿಯಲ್ಲಿ ಹೆಣೆಯಬೇಕು. ಅದರಲ್ಲಿ ಗುರುವನ್ನು ಕೂರಿಸಿಕೊಂಡು ತುಂಬಿದ ಹೊಳೆ ದಾಟಿಸಬೇಕು. ಗುರು ಹುಟ್ಟು ಮುಟ್ಟುವಂತಿಲ್ಲ, ಬಾಯಿ ಬಿಡುವಂತಿಲ್ಲ.

ಒಬ್ಬ ಶಿಷ್ಯ ಹಲವು ಹರಿಗೋಲು ಕೆಡಿಸಿ ಕೊನೆಗೆ ಒಂದನ್ನು ಹೆಣೆದ. ಎರಡೂ ದಡದಲ್ಲಿ ಜನ ಸೇರಿದರು. ಗುರು ಹತ್ತಿ ಕೂತ. ಶಿಷ್ಯ ಹುಟ್ಟು ಹಾಕಿದ. ನಡುಹೊಳೆಗೆ ಬಂದಾಗ ಅವನ ಕಾಲಿಗೆ ತಣ್ಣಗೆ ತಾಗಿತು. ಒಳಗೆ ನೀರು ಬರುತ್ತಿತ್ತು.

ಶಿಷ್ಯ ಗುರುವಿನ ಮುಖ ನೋಡಿದ. ಗುರು ಆಚೆ ದಡ ನೋಡುತ್ತಿದ್ದ. ನೀರು ಪಾದ ಮುಚ್ಚಿತು. ಶಿಷ್ಯನಿಗೆ ಭಯವಾಯಿತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಮುದುಕನಿಗೆ ಎಲ್ಲ ಗೊತ್ತು, ಆದರೂ ಕಲ್ಲಾಗಿ ಕೂತಿದ್ದಾನೆ ಎಂದುಕೊಂಡ. ಇನ್ನು ಇವನನ್ನು ನೋಡಿ ಪ್ರಯೋಜನವಿಲ್ಲ ಎಂದು ತನ್ನ ಹರಿಗೋಲಿನ ಕಡೆಗೇ ತಿರುಗಿದ. ಆಗ ನೆನಪಾಯಿತು. ತೊಗಲು ಹೊಲಿಯುವ ದಿನ ಬಿಸಿಲು ಹೆಚ್ಚಾಗಿ ಒಂದು ಅಂಚು ಒಣಗಿ ಸೆಟೆದಿತ್ತು; ಅದನ್ನು ಎಳೆದು ಎಳೆದು ಹೊಲಿದಿದ್ದ. ಅಲ್ಲಿ ಕೈಯಾಡಿಸಿದ. ಸೋರುತ್ತಿದ್ದದ್ದು ಅಲ್ಲೇ. ತಲೆಯ ರುಮಾಲು ಬಿಚ್ಚಿ ತುರುಕಿ, ಹಿಮ್ಮಡಿಯಿಂದ ಒತ್ತಿ ಹಿಡಿದು ಹುಟ್ಟು ಹಾಕಿದ. ಇಬ್ಬರೂ ದಡ ಸೇರಿದರು.

"ಸೋರೂದು ಎಲ್ಲಿ ಅಂತ ಒಂದು ಮಾತು ಹೇಳಬಾರದಿತ್ತೇನ್ರಿ?" ಎಂದು ಶಿಷ್ಯ ರೇಗಿದ.

"ನನಗ ಗೊತ್ತಿದ್ರಲ್ಲೇನೋ ಹೇಳೂದು?" ಎಂದ ಗುರು. "ನಾ ಹೆಣೆದದ್ದಾಗಿದ್ರ ಕಣ್ಣು ಮುಚ್ಚಿ ಹೇಳ್ತಿದ್ದೆ. ಇದು ನಿಂದು. ಇದರ ಒಳಹೊರಗು ತಿಳಿದಾಂವ ಈ ಹೊಳೀ ಉದ್ದಕ್ಕೂ ನೀ ಒಬ್ಬನೇ."

ಆಮೇಲೆ ಗುರು ಒದ್ದೆ ಕಾಲಿನಲ್ಲೇ ಜನರ ನಡುವೆ ಹೋದ. ನಿನ್ನೆಯವರೆಗೆ ಇವನನ್ನು ನನ್ನ ಶಿಷ್ಯ ಅನ್ನುತ್ತಿದ್ದಿರಿ, ಇನ್ನು ಮೇಲೆ ನನ್ನನ್ನು ಇವನ ಗುರು ಅನ್ನಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಹೆಮ್ಮೆಗೆ ಅವನ ಮಾತು ನಿಲ್ಲಲೇ ಇಲ್ಲ.

ಕತೆ ಮುಗಿಯಿತು. ಆ ಹುಲ್ಲಿನ ಬೇರಿನ ವಿಷಯದಲ್ಲಿ ತನಗೆ ತಿಳಿದಷ್ಟು ಎದುರಿಗೆ ಕೂತ ಸರ್‌ಗೂ ತಿಳಿಯದು ಎಂಬುದು ನೀಲಗಂಗಾಳಿಗೆ ಈವರೆಗೆ ಹೊಳೆದಿರಲಿಲ್ಲ. ಒಳಗೊಳಗೇ ಹೆಮ್ಮೆಯೆನಿಸಿತು. ಆದರೂ ನಾಳೆ ಸರ್ ಬಾಯಿ ಬಿಡುವುದಿಲ್ಲ ಎಂದಾಯಿತಲ್ಲ, ಆ ಮುನಿಸು ಉಳಿದೇ ಇತ್ತು.

"ಆ ಗುರುಗೇನು ಬಿಡ್ರಿ ಸರ್," ಎಂದಳು. "ಹರಿಗೋಲು ಮುಳುಗಿದ್ರೂ ನೀರಾಗ ಈಸಿ ದಡ ಸೇರ್ತಿದ್ದ."

ಬೆಳ್ಳಿಗಟ್ಟಿ ಸರ್ ಲೋಟ ಕೈಗೆತ್ತಿಕೊಂಡರು. ಒಂದೇ ಮಾತು ಆಡಿದರು.

"ಅವಗ ಈಸು ಬರ್ತಿರಲಿಲ್ಲ ನೋಡವ್ವಾ."